ತುಟಿಯ ಮಚ್ಚೆ ಮತ್ತು ಅಂಡಾಶಯದ ಗಡ್ಡೆ: ಒಂದು ಲಕ್ಷಣಕೂಟದ ಇತಿಹಾಸ ವಿಮರ್ಶೆ

೧

ವಿರಳವಾದ ರೋಗವೊಂದನ್ನು ಕುರಿತು ವೈದ್ಯಶಾಸ್ತ್ರದ ಪತ್ರಿಕೆಗಳಲ್ಲಿ ಬರೆಯುವವರು ಮೊದಲನೆಯ ಕಂಡಿಕೆಯಲ್ಲಿ ಆ ರೋಗದ ಇತಿಹಾಸವನ್ನು ಹೇಳುವುದು ಸಂಪ್ರದಾಯವಾಗಿದೆ. ಇಂಥ ವರ್ಷದಲ್ಲಿ ಇಂಥವರು ಇದನ್ನು ಮೊದಲು ಕಂಡರು, ಇಂಥವರು ಮುಂದುವರಿಸಿದರು, ಇಂಥವರು ಹೆಸರಿಟ್ಟರು ಎಂದು ನಾಲ್ಕು ವಾಕ್ಯಗಳಲ್ಲಿ ಅದು ಮುಗಿಯುತ್ತದೆ. ನಮ್ಮ ಶಾಸನಗಳ ಆರಂಭದಲ್ಲಿ ಬರುವ ರಾಜವಂಶದ ಪ್ರಶಸ್ತಿಯನ್ನು ಓದಿ ಬಲ್ಲವರಿಗೆ ಈ ಬಗೆಯ ಬರವಣಿಗೆ ಅಪರಿಚಿತವಲ್ಲ. ಅಲ್ಲಿಯೂ ಹೆಸರುಗಳು ಒಂದರ ಬೆನ್ನಿಗೊಂದು ಬರುತ್ತವೆ; ಒಬ್ಬನಿಂದ ಇನ್ನೊಬ್ಬನಿಗೆ ರಾಜ್ಯವು ನಿರಾಯಾಸವಾಗಿ ಸಂದಂತೆ ಕಾಣುತ್ತದೆ; ನಡುವಣ ಸೋಲು, ಶೂನ್ಯ, ಮರೆವು ಇವುಗಳ ಸುಳಿವೇ ಇರುವುದಿಲ್ಲ. ಪ್ರಶಸ್ತಿಯನ್ನು ಸುಳ್ಳೆಂದು ತಳ್ಳಿಬಿಡುವುದೂ ಇತಿಹಾಸಕಾರನ ಧರ್ಮವಲ್ಲ, ಅದನ್ನೇ ಇತಿಹಾಸವೆಂದು ನಂಬುವುದೂ ಅವನ ಧರ್ಮವಲ್ಲ. ಅದನ್ನು ಇತರ ಸಾಕ್ಷ್ಯಗಳೊಡನೆ ಇಟ್ಟು ನೋಡುವುದು ಅವನ ಕೆಲಸ.

ಪ್ರಕೃತ ಲೇಖನದಲ್ಲಿ ಪ್ಯೂಟ್ಸ್–ಜೆಗರ್ಸ್ ಲಕ್ಷಣಕೂಟ ಎಂಬ ರೋಗದ ಪ್ರಶಸ್ತಿಯನ್ನು ಹೀಗೆ ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಲಕ್ಷಣಕೂಟವೆಂದರೆ ಮೇಲುನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಹಲವು ಚಿಹ್ನೆಗಳು ಒಬ್ಬನೇ ವ್ಯಕ್ತಿಯಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವ ಸ್ಥಿತಿ. ಈ ರೋಗದಲ್ಲಿ ತುಟಿ, ಬಾಯಿಯ ಸುತ್ತ, ಕೆನ್ನೆಯ ಒಳಮೈ, ಕೆಲವೊಮ್ಮೆ ಮೂಗಿನ ಹೊಳ್ಳೆ, ಕಣ್ಣಿನ ಸುತ್ತ, ಬೆರಳು, ಅಂಗೈ ಇವುಗಳ ಮೇಲೆ ಕಂದು ಅಥವಾ ಕಪ್ಪುನೀಲಿ ಬಣ್ಣದ ಸಣ್ಣ ಮಚ್ಚೆಗಳು ಮೂಡುತ್ತವೆ. ಒಂದೊಂದರ ಅಗಲ ಸಾಮಾನ್ಯವಾಗಿ ೧ರಿಂದ ೫ ಮಿಲಿಮೀಟರ್. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ, ತೊಟ್ಟಿನಿಂದ ಜೋತುಬಿದ್ದಂಥ ಗಂಟುಗಳು ಬೆಳೆಯುತ್ತವೆ. ಈ ರೋಗವುಳ್ಳ ಸ್ತ್ರೀಯರ ಅಂಡಾಶಯಗಳಲ್ಲಿ ಬೇರೆ ಕಡೆ ಅಪರೂಪವಾದ ಒಂದು ಬಗೆಯ ಗಡ್ಡೆ ಕಂಡುಬರುತ್ತದೆ. ಐವತ್ತು ಸಾವಿರದಿಂದ ಎರಡು ಲಕ್ಷ ಜನನಗಳಿಗೆ ಒಂದರಂತೆ ಇದು ಸಂಭವಿಸುತ್ತದೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರವಿರುವುದೇ ಎಣಿಕೆ ಎಷ್ಟು ಅಪೂರ್ಣವೆಂಬುದನ್ನು ತೋರಿಸುತ್ತದೆ.

ಚರ್ಮದ ಮೇಲಿನ ಚಿಹ್ನೆಯು ೧೮೯೫ರಲ್ಲಿಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಅಂಡಾಶಯದ ಗಡ್ಡೆಯು ಈ ರೋಗದ ಅಂಗವೆಂದು ಸ್ಥಿರಪಟ್ಟದ್ದು ೧೯೭೦ರಲ್ಲಿ. ನಡುವೆ ಎಪ್ಪತ್ತೈದು ವರ್ಷಗಳು ಕಳೆದವು. ಈ ವಿಳಂಬಕ್ಕೆ ಕಾರಣವೇನು ಎಂಬುದು ನಮ್ಮ ಪ್ರಶ್ನೆ. ಕಂಡವರ ಕೊರತೆಯಿಂದ ಇದು ಸಂಭವಿಸಲಿಲ್ಲ; ಕಂಡದ್ದನ್ನು ಕಾಲದ ಉದ್ದಕ್ಕೂ ಹಿಂಬಾಲಿಸಿದವರ ಕೊರತೆಯಿಂದ ಸಂಭವಿಸಿತು ಎಂಬುದು ಈ ಲೇಖಕನ ಅಭಿಪ್ರಾಯ.

೨

ಪ್ರಶಸ್ತಿಯ ಮೊದಲ ಹೆಸರು ಕಾನರ್ ಎಂಬ ವೈದ್ಯನದು. ಈತ ೧೮೯೫ರಲ್ಲಿ ಲಂಡನ್ನಿನ ಒಂದು ವೈದ್ಯಸಂಘದ ಮುಂದೆ ತುಟಿಯ ಮೇಲೆಯೂ ಬಾಯಿಯೊಳಗೂ ಕಪ್ಪು ಮಚ್ಚೆಗಳಿದ್ದ ಅವಳಿ ಸೋದರಿಯರನ್ನು ತೋರಿಸಿದನು. ಮರುವರ್ಷ ಜೊನಾಥನ್ ಹಚಿನ್ಸನ್ ಅದೇ ಬಾಲಕಿಯರ ಚಿತ್ರವನ್ನು ತನ್ನ ‘ಆರ್ಕೈವ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಹಚಿನ್ಸನ್ ಸಾಮಾನ್ಯನಲ್ಲ. ಹುಟ್ಟಿನಿಂದ ಬಂದ ಸಿಫಿಲಿಸ್ ರೋಗವನ್ನು ಮಕ್ಕಳ ಹಲ್ಲಿನ ಆಕಾರದಿಂದ ಗುರುತಿಸುವ ಕ್ರಮಕ್ಕೆ ಇಂದಿಗೂ ಅವನ ಹೆಸರೇ ಇದೆ. ವಿಚಿತ್ರ ರೋಗಗಳ ಚಿತ್ರಗಳನ್ನು ಕೂಡಿಹಾಕಿ ಒಂದು ಸಂಗ್ರಹಾಲಯವನ್ನೇ ಕಟ್ಟಿದ ಪುರುಷನು ಅವನು. ಚಿತ್ರದ ಮಟ್ಟಿಗೆ ಅವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದನು. ಮಚ್ಚೆಗಳ ಸ್ಥಾನ, ಬಣ್ಣ, ಗಾತ್ರ ಎಲ್ಲವೂ ದಾಖಲಾದುವು.

ಆದರೆ ಚಿತ್ರವು ಒಂದು ದಿನದ ಸಾಕ್ಷ್ಯ. ಸಂಗ್ರಹಕಾರನಿಗೆ ವಸ್ತುವು ಬೇಕಾಗಿರುತ್ತದೆ. ಅದು ಎಲ್ಲಿಂದ ಬಂತು, ಮುಂದೆ ಏನಾಯಿತು ಎಂಬುದು ಅವನ ಚೀಟಿಯಲ್ಲಿ ಬರೆಯಲ್ಪಡುವುದಿಲ್ಲ. ಉತ್ಖನನದಲ್ಲಿ ಸಿಕ್ಕ ಮಡಕೆಯನ್ನು ಅದು ಇದ್ದ ಮಣ್ಣಿನ ಪದರದಿಂದ ಕಿತ್ತು ಕಪಾಟಿನಲ್ಲಿಟ್ಟರೆ ಅದು ಸುಂದರವಾಗಿ ಕಾಣಬಹುದು, ಆದರೆ ಕಾಲವನ್ನು ಹೇಳಲಾರದು. ಆ ಸೋದರಿಯರ ಗತಿಯೂ ಹಾಗೆಯೇ ಆಯಿತು. ತುಟಿ ಉಳಿಯಿತು, ವ್ಯಕ್ತಿಗಳು ಮರೆಯಾದರು.

ಅವರನ್ನು ಪುನಃ ದಾಖಲೆಗೆ ತಂದವನು ಪಾರ್ಕ್ಸ್ ವೆಬರ್. ೧೯೧೯ರಲ್ಲಿ ಅವನು ಬಾಯಿಯ ಒಳಪೊರೆಯ ಕಪ್ಪು ಮಚ್ಚೆಗಳನ್ನು ಕುರಿತು ಬರೆದಾಗ, ಅವು ಆಡಿಸನ್ ರೋಗಕ್ಕೆ ಸೇರಿದವಲ್ಲವೆಂದು ಬೇರ್ಪಡಿಸಿದನು. ಅವಳಿಗಳಲ್ಲಿ ಒಬ್ಬಳು ಇಪ್ಪತ್ತನೆಯ ವಯಸ್ಸಿನಲ್ಲಿ, ಕರುಳಿನ ಒಂದು ಭಾಗವು ಇನ್ನೊಂದರೊಳಕ್ಕೆ ನುಗ್ಗಿ ದಾರಿ ಕಟ್ಟಿದುದರಿಂದ ತೀರಿಕೊಂಡಳೆಂಬ ಸಂಗತಿಯನ್ನೂ ಅವನು ತಿಳಿಸಿದನು. ಪಾಲಿಪ್ ಇರುವ ಕರುಳಿಗೆ ಒದಗುವ ವಿಪತ್ತುಗಳಲ್ಲಿ ಇದು ಮುಖ್ಯವಾದುದೆಂದು ನಾವು ಇಂದು ಬಲ್ಲೆವು. ವೆಬರನ ಬರಹದಲ್ಲಿ ಮಚ್ಚೆ ಮತ್ತು ಮರಣ ಎರಡೂ ಅಕ್ಕಪಕ್ಕದಲ್ಲಿದ್ದುವು. ಅವೆರಡನ್ನೂ ಕಟ್ಟುವ ಎಳೆ ಮಾತ್ರ ಇರಲಿಲ್ಲ. ಇನ್ನೊಬ್ಬ ಸೋದರಿಯ ವೃತ್ತಾಂತವು ಅನಂತರ ತಿಳಿದುಬಂದಿತು. ಅವಳು ಐವತ್ತೆರಡನೆಯ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರಿನಿಂದ ಮಡಿದಳು.

ಈ ಎರಡು ಮರಣಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊಟ್ಟಮೊದಲು ವರ್ಣಿತರಾದ ಇಬ್ಬರೂ ಸ್ತ್ರೀಯರೇ. ಒಬ್ಬಳನ್ನು ಕರುಳು ಕೊಂದಿತು. ಇನ್ನೊಬ್ಬಳನ್ನು ಸ್ತ್ರೀಯರಿಗೇ ಹೆಚ್ಚಾಗಿ ಬರುವ ರೋಗವೊಂದು ಕೊಂದಿತು. ಇಂದಿನ ಲೆಕ್ಕಗಳ ಪ್ರಕಾರ ಈ ಲಕ್ಷಣಕೂಟವುಳ್ಳ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರಿನ ಸಂಭವ ಬಹಳ ಹೆಚ್ಚು. ಒಬ್ಬಳ ಮರಣದ ಕಾರಣವನ್ನು ರೋಗದ ಫಲವೆಂದು ಖಚಿತವಾಗಿ ಹೇಳಲಾಗದು. ಸಾಮಾನ್ಯ ಸ್ತ್ರೀಯರಿಗೂ ಆ ವ್ಯಾಧಿ ಬರುತ್ತದೆ. ಆದರೂ ಈ ರೋಗದ ಎರಡು ಮುಖಗಳು ಆ ಒಂದು ಮನೆಯಲ್ಲಿಯೇ ಪ್ರಕಟವಾಗಿದ್ದುವು ಎಂದು ಊಹಿಸಲು ಅವಕಾಶವುಂಟು. ವೈದ್ಯಶಾಸ್ತ್ರವು ಮೊದಲನೆಯ ಮುಖವನ್ನು ಓದಿತು. ಎರಡನೆಯದನ್ನು ಓದಲು ಇನ್ನೂ ಬಹುಕಾಲ ಬೇಕಾಯಿತು.

೩

ಮಚ್ಚೆಯನ್ನೂ ಕರುಳನ್ನೂ ವಂಶವನ್ನೂ ಮೊದಲು ಒಂದುಗೂಡಿಸಿದ ಕೀರ್ತಿ ಹಾಲೆಂಡಿನ ವೈದ್ಯ ಯಾನ್ ಪ್ಯೂಟ್ಸ್‌ಗೆ ಸಲ್ಲಬೇಕು. ಹಾರ್ಲಿಂಗೆನ್ ಎಂಬ ಬಂದರು ಪಟ್ಟಣದ ಒಂದು ಕುಟುಂಬದ ಹಲವರಲ್ಲಿ ಈ ಎರಡು ಚಿಹ್ನೆಗಳೂ ಜೊತೆಯಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದುದನ್ನು ಆತನು ೧೯೨೧ರಲ್ಲಿ ಡಚ್ ಭಾಷೆಯ ಪತ್ರಿಕೆಯೊಂದರಲ್ಲಿ ಬರೆದನು. ಹಚಿನ್ಸನ್ನನಿಗೂ ಪ್ಯೂಟ್ಸ್‌ಗೂ ಇರುವ ವ್ಯತ್ಯಾಸ ಕಣ್ಣಿನ ತೀಕ್ಷ್ಣತೆಯದಲ್ಲ. ಹಚಿನ್ಸನ್ ರೋಗಿಯನ್ನು ನೋಡಿದನು. ಪ್ಯೂಟ್ಸ್ ಮನೆಯನ್ನು ನೋಡಿದನು. ಆದರೆ ಸಣ್ಣ ದೇಶದ ಭಾಷೆಯಲ್ಲಿ ಬರೆದ ಆ ಲೇಖನವನ್ನು ಹೊರಗಿನವರು ಬಹುಕಾಲ ಗಮನಿಸಲಿಲ್ಲ. ಜ್ಞಾನದ ಇತಿಹಾಸದಲ್ಲಿ ಭಾಷೆಯ ಗೋಡೆ ಎಷ್ಟು ಎತ್ತರವೆಂಬುದು ಕನ್ನಡದಲ್ಲಿ ಸಂಶೋಧನೆಯನ್ನು ಬರೆಯುವವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಮುಂದಿನ ಘಟ್ಟವು ಅಮೆರಿಕದಲ್ಲಿ. ೧೯೪೭ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದ ವಿಕ್ಟರ್ ಮೆಕ್ಯೂಸಿಕ್, ತುಟಿಯಲ್ಲಿ ಮಚ್ಚೆಯೂ ಕರುಳಿನಲ್ಲಿ ಪಾಲಿಪ್‌ಗಳೂ ಇದ್ದ ಹುಡುಗನೊಬ್ಬನನ್ನು ಕಂಡನು. ಅಲ್ಪಕಾಲದಲ್ಲಿಯೇ ಅಂಥ ಇನ್ನೂ ಕೆಲವರು ಅವನಿಗೆ ದೊರೆತರು, ಅವರಲ್ಲಿ ಮೂವರು ಒಂದೇ ಕುಟುಂಬದವರು. ಹೆರಾಲ್ಡ್ ಜೆಗರ್ಸ್ ಎಂಬ ಹಿರಿಯ ವೈದ್ಯನ ಬಳಿಯೂ ಇಂಥ ರೋಗಿಗಳ ವಿವರವಿರುವುದು ತಿಳಿಯಿತು. ಇಬ್ಬರ ಸಾಮಗ್ರಿಯೂ ಕೂಡಿ, ಕಾಟ್ಸ್ ಎಂಬಾತನನ್ನೂ ಸೇರಿಸಿಕೊಂಡು, ಹತ್ತು ರೋಗಿಗಳ ವೃತ್ತಾಂತವನ್ನೊಳಗೊಂಡ ದೀರ್ಘ ಲೇಖನವು ೧೯೪೯ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಪ್ರಕಟವಾಯಿತು.

ಈ ಲೇಖನದ ಗುಣವನ್ನು ಮೊದಲು ಹೇಳಬೇಕು. ಮಚ್ಚೆಯು ರೋಗನಿರ್ಣಯಕ್ಕೆ ಸಹಾಯಕವಾದ ಚಿಹ್ನೆ ಎಂಬುದನ್ನು ಅದು ಶೀರ್ಷಿಕೆಯಲ್ಲಿಯೇ ಘೋಷಿಸಿತು. ಹೊಟ್ಟೆನೋವಿನಿಂದ ನರಳುವ ಹುಡುಗನ ತುಟಿಯನ್ನು ನೋಡಿ ಅವನ ಕರುಳನ್ನು ಊಹಿಸಬಹುದೆಂಬ ತತ್ತ್ವ ಎಷ್ಟೋ ಜೀವಗಳನ್ನು ಉಳಿಸುವಂಥದು. ಎರಡನೆಯದಾಗಿ, ಒಂದೇ ವಂಶವಾಹಿಯು ಚರ್ಮದಲ್ಲಿಯೂ ಕರುಳಿನಲ್ಲಿಯೂ ಬೇರೆಬೇರೆ ಫಲಗಳನ್ನು ಉಂಟುಮಾಡುತ್ತದೆ ಎಂದೂ, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು ರೋಗ ಪ್ರಕಟವಾಗುತ್ತದೆ ಎಂದೂ ಅದು ವಾದಿಸಿತು. ಅರ್ಧ ಶತಮಾನದ ಮೇಲೆ ಈ ವಾದ ಸತ್ಯವೆಂದು ಸಿದ್ಧವಾಯಿತು. ಮೆಕ್ಯೂಸಿಕ್ ಮುಂದೆ ವೈದ್ಯಕೀಯ ಅನುವಂಶಶಾಸ್ತ್ರದ ಆದ್ಯರಲ್ಲಿ ಒಬ್ಬನೆಂದು ಪ್ರಸಿದ್ಧನಾದನು.

ದೋಷವು ಲೇಖನಕ್ಕಿಂತ ಹೆಚ್ಚಾಗಿ ಅದರ ಅನಂತರದ ನಾಮಕರಣದಲ್ಲಿದೆ. ೧೯೫೪ರಲ್ಲಿ ಮೇಯೋ ಕ್ಲಿನಿಕ್ಕಿನ ಬ್ರೂವರ್ ಮತ್ತು ಅವನ ಸಂಗಡಿಗರು ‘ಪ್ಯೂಟ್ಸ್–ಜೆಗರ್ಸ್’ ಎಂಬ ಜೋಡಿ ಹೆಸರನ್ನು ಬಳಕೆಗೆ ತಂದರು. ಕಾನರ್, ವೆಬರ್, ಮೆಕ್ಯೂಸಿಕ್, ಕಾಟ್ಸ್ ಇವರ ಹೆಸರುಗಳು ಬಿಟ್ಟುಹೋದುವು ಎಂಬುದು ಇಲ್ಲಿಯ ಮುಖ್ಯ ಆಕ್ಷೇಪವಲ್ಲ. ಯಶಸ್ಸಿನ ಹಂಚಿಕೆ ಇತಿಹಾಸಕ್ಕೆ ಸಣ್ಣ ವಿಷಯ. ಹೆಸರೆಂಬುದು ಒಂದು ಎಲ್ಲೆಕಲ್ಲು ಎಂಬುದು ಮುಖ್ಯ ವಿಷಯ. ಹೆಸರಿಟ್ಟ ದಿನ ರೋಗದಲ್ಲಿ ಏನೇನು ಸೇರಿತ್ತೋ ಅಷ್ಟೇ ಅದರ ಸೀಮೆಯೆಂದು ಮುಂದಿನವರು ತಿಳಿಯುತ್ತಾರೆ. ೧೯೫೪ರಲ್ಲಿ ಆ ಸೀಮೆಯೊಳಗೆ ಇದ್ದದ್ದು ಎರಡು: ಚರ್ಮದ ಮಚ್ಚೆ ಮತ್ತು ಕರುಳಿನ ಪಾಲಿಪ್. ಚರ್ಮವೈದ್ಯನು ಮಚ್ಚೆಯನ್ನು ನೋಡುವನು, ಶಸ್ತ್ರವೈದ್ಯನು ಕರುಳನ್ನು ನೋಡುವನು. ಮೂರನೆಯವನಾದ ಸ್ತ್ರೀರೋಗ ವೈದ್ಯನನ್ನು ಕರೆಯಲು ಆ ಹೆಸರಿನಲ್ಲಿ ಯಾವ ಸೂಚನೆಯೂ ಇರಲಿಲ್ಲ.

ಇದೇ ದಶಕದಲ್ಲಿ ಬಲಗೊಂಡ ಇನ್ನೊಂದು ಅಭಿಪ್ರಾಯವೂ ಎಚ್ಚರವನ್ನು ತಗ್ಗಿಸಿತು. ಈ ಪಾಲಿಪ್‌ಗಳು ಆಯಾ ಅಂಗದ ಸಹಜ ಕೋಶಗಳೇ ಕ್ರಮತಪ್ಪಿ ಬೆಳೆದವು, ಸ್ವಭಾವತಃ ಕ್ಯಾನ್ಸರ್ ಅಲ್ಲ ಎಂದು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ತಿಳಿದುಬಂದಿತು. ಈ ನಿರ್ಣಯವು ಸರಿಯಾದುದೇ. ಆದರೆ ಪಾಲಿಪ್ ಸಾಧುವಾದುದು ಎಂಬ ಮಾತು ಮೆಲ್ಲಮೆಲ್ಲನೆ ರೋಗವೇ ಸಾಧುವಾದುದು ಎಂಬ ಭಾವನೆಯಾಗಿ ಮಾರ್ಪಟ್ಟಿತು. ಭಾಗದ ವಿಷಯದಲ್ಲಿ ಸತ್ಯವಾದುದನ್ನು ಸಮಸ್ತಕ್ಕೆ ಹೇಳುವ ಈ ತರ್ಕದೋಷವು ಇತಿಹಾಸ ಗ್ರಂಥಗಳಲ್ಲಿಯೂ ಅಪರೂಪವಲ್ಲ. ಒಂದು ಜಿಲ್ಲೆಯ ಕಂದಾಯದ ಲೆಕ್ಕದಿಂದ ಒಂದು ರಾಜ್ಯದ ಸಮೃದ್ಧಿಯನ್ನು ವರ್ಣಿಸಿದವರನ್ನು ನಾವು ಓದಿದ್ದೇವೆ.

೪

ಅರುವತ್ತರ ದಶಕದಲ್ಲಿ ಈ ರೋಗಿಗಳ ಅಂಡಾಶಯದಲ್ಲಿ ಗಡ್ಡೆ ಕಂಡ ಬಿಡಿ ವರದಿಗಳು ಬರತೊಡಗಿದುವು. ೧೯೭೦ರಲ್ಲಿ ಬಾಸ್ಟನ್ನಿನ ರೋಗನಿದಾನ ಶಾಸ್ತ್ರಜ್ಞ ರಾಬರ್ಟ್ ಸ್ಕಲ್ಲಿ ಆ ಗಡ್ಡೆಯನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ, ಅದು ಪ್ಯೂಟ್ಸ್–ಜೆಗರ್ಸ್ ಲಕ್ಷಣಕೂಟಕ್ಕೆ ವಿಶಿಷ್ಟವಾದುದೆಂದು ಬರೆದನು. ಭ್ರೂಣದಲ್ಲಿ ಅಂಡಾಶಯ ಅಥವಾ ವೃಷಣವು ರೂಪುಗೊಳ್ಳುವಾಗ ಅದರೊಳಗೆ ಕೋಶಗಳು ಎಳೆಎಳೆಯಾಗಿ ಸಾಲುಗೂಡುತ್ತವೆ. ಈ ಗಡ್ಡೆ ಆ ಬಗೆಯ ಕೋಶಗಳಿಂದ ಆದುದು. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಗಾಜಿನಂಥ ನಡುಗಂಬದ ಸುತ್ತಲೂ ಉಂಗುರಗಳಂತೆ ಜೋಡಿಸಿಕೊಂಡಿರುತ್ತವೆ. ಅಂಡಾಶಯದ ಕೋಶಗಳಿಗೂ ವೃಷಣದ ಕೋಶಗಳಿಗೂ ನಡುವಣ ಸ್ವರೂಪ ಅವುಗಳದು. ಇಂಥ ಗಡ್ಡೆ ಸ್ತ್ರೀಹಾರ್ಮೋನನ್ನು ಸುರಿಸುವುದೂ ಉಂಟು. ಆಗ ಪ್ರಾಯದವರಲ್ಲಿ ಮುಟ್ಟಿನ ಏರುಪೇರೂ, ಎಳೆಯ ಹುಡುಗಿಯರಲ್ಲಿ ಅಕಾಲದ ಪ್ರಾಪ್ತವಯಸ್ಸೂ ಕಂಡುಬರಬಹುದು.

೧೯೮೨ರಲ್ಲಿ ಯಂಗ್, ಸ್ಕಲ್ಲಿ ಮತ್ತು ಅವರ ಸಂಗಡಿಗರು ಇಂಥ ೭೪ ಗಡ್ಡೆಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಅವುಗಳಲ್ಲಿ ೨೭ ಈ ಲಕ್ಷಣಕೂಟವುಳ್ಳ ಸ್ತ್ರೀಯರವು. ಆ ೨೭ ಮಂದಿಯಲ್ಲಿ ಗಡ್ಡೆಗಳು ಬಹಳ ಸಣ್ಣವು, ಒಂದಲ್ಲ ಹಲವು, ಬಹುಮಟ್ಟಿಗೆ ಎರಡು ಅಂಡಾಶಯಗಳಲ್ಲಿಯೂ ಇದ್ದುವು, ಸುಣ್ಣಗಟ್ಟಿದ್ದುವು. ಎಲ್ಲವೂ ಸಾಧು ಗಡ್ಡೆಗಳೇ. ಲಕ್ಷಣಕೂಟವಿಲ್ಲದ ೪೭ ಮಂದಿಯಲ್ಲಿ ಗಡ್ಡೆ ದೊಡ್ಡದು, ಸಾಮಾನ್ಯವಾಗಿ ಒಂದೇ ಕಡೆ. ಸುಮಾರು ಐದರಲ್ಲಿ ಒಂದು ಪಾಲು ದುಷ್ಟ ಸ್ವಭಾವದ್ದು. ಈ ಹೋಲಿಕೆಯಿಂದ ತಟ್ಟನೆ ಒಂದು ಸಮಾಧಾನ ಮೂಡುತ್ತದೆ: ಮಚ್ಚೆಯುಳ್ಳ ಸ್ತ್ರೀಯ ಅಂಡಾಶಯದ ಗಡ್ಡೆ ನಿರಪಾಯಕರ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಂಖ್ಯೆಯಿದೆ. ಆ ೨೭ ಮಂದಿಯಲ್ಲಿ ನಾಲ್ವರಿಗೆ ಗರ್ಭಕೋಶದ ಕೊರಳಿನಲ್ಲಿ ಒಂದು ಬಗೆಯ ಕ್ಯಾನ್ಸರ್ ಇದ್ದಿತು. ಅಡಿನೋಮ ಮಲಿಗ್ನಮ್ ಎಂದು ಕರೆಯಲ್ಪಡುವ ಈ ಕ್ಯಾನ್ಸರಿನ ಕೋಶಗಳು ಆರೋಗ್ಯವಂತ ಕೋಶಗಳನ್ನು ಎಷ್ಟು ಹೋಲುತ್ತವೆಂದರೆ ಪರೀಕ್ಷಕರು ಸುಲಭವಾಗಿ ಮೋಸಹೋಗುತ್ತಾರೆ.

ಈ ಎರಡು ಸಂಖ್ಯೆಗಳನ್ನು ಕೂಡಿಸಿ ಓದಿದರೆ ಅರ್ಥವೇ ಬೇರೆಯಾಗುತ್ತದೆ. ಅಂಡಾಶಯದ ಗಡ್ಡೆಯಿಂದ ಹೆಚ್ಚಿನ ಅಪಾಯವಿಲ್ಲದಿರಬಹುದು. ಆದರೆ ಅದು ಅಪಾಯದ ಸಾಕ್ಷಿ. ತುಟಿಯ ಮಚ್ಚೆಯೂ ಹಾಗೆಯೇ: ತಾನು ಕೊಲ್ಲುವುದಿಲ್ಲ, ಕೊಲ್ಲಬಲ್ಲುದನ್ನು ತೋರಿಸುತ್ತದೆ. ಬೇರೆ ಕಾರಣಕ್ಕಾಗಿ ತೆಗೆದ ಅಂಡಾಶಯದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ, ಸುಣ್ಣಗಟ್ಟಿದ, ಹಲವು ಉಂಗುರಗಡ್ಡೆಗಳು ಕಂಡಾಗ ಪರೀಕ್ಷಕನು ಹಿಂದಕ್ಕೆ ತಿರುಗಿ, ಈ ಸ್ತ್ರೀಯ ತುಟಿಯನ್ನು ಯಾರಾದರೂ ನೋಡಿದರೇ, ಈಕೆಯ ತಾಯಿ ಏನಾಗಿ ತೀರಿಕೊಂಡಳು ಎಂದು ಕೇಳಬೇಕಾಗುತ್ತದೆ. ಹೊರಗಿನಿಂದ ಒಳಕ್ಕೆ ಸಾಗುತ್ತಿದ್ದ ಸಾಕ್ಷ್ಯವು ಇಲ್ಲಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಸ್ಕಲ್ಲಿಯ ಲೇಖನದ ನಿಜವಾದ ಬೆಲೆ ಇದು. ಅವನು ಒಂದು ಹೊಸ ಗಡ್ಡೆಗೆ ಹೆಸರು ಕೊಟ್ಟುದಷ್ಟೇ ಅಲ್ಲ, ಚರ್ಮಕ್ಕೂ ಅಂಡಾಶಯಕ್ಕೂ ನಡುವೆ ಎರಡೂ ಕಡೆಯಿಂದ ನಡೆಯಬಹುದಾದ ದಾರಿಯನ್ನು ಹಾಕಿದನು.

೫

ಸಾಕ್ಷಿಯಾದ ಮಚ್ಚೆಯ ಸ್ವಭಾವವನ್ನು ಇನ್ನಷ್ಟು ಪರೀಕ್ಷಿಸೋಣ. ಇತಿಹಾಸ ವಿಮರ್ಶೆಯ ದೃಷ್ಟಿಯಿಂದ ಅದರಲ್ಲಿ ಮೂರು ಕೊರತೆಗಳಿವೆ.

ಮೊದಲನೆಯದು, ಅದು ಮಾಸುತ್ತದೆ. ಈ ಮಚ್ಚೆಗಳು ಹುಟ್ಟುವಾಗ ಇರುವುದು ಅಪರೂಪ. ಶೈಶವದಲ್ಲಿ, ಬಹುಮಟ್ಟಿಗೆ ಐದು ವರ್ಷದೊಳಗೆ ಮೂಡುತ್ತವೆ. ಹರೆಯ ಕಳೆದ ಮೇಲೆ ತುಟಿಯ ಮೇಲಿನವು ಬಣ್ಣಗೆಟ್ಟು ಎಷ್ಟೋ ವೇಳೆ ಇಲ್ಲವಾಗುತ್ತವೆ. ಕೆನ್ನೆಯ ಒಳಮೈಯವು ಮಾತ್ರ ಹೆಚ್ಚಾಗಿ ಉಳಿಯುತ್ತವೆ. ಕ್ಯಾನ್ಸರಿನ ಸಂಭವವಾದರೋ ವಯಸ್ಸಿನೊಡನೆ ಏರುತ್ತದೆ. ೨೦೦೬ರಲ್ಲಿ ಪ್ರಕಟವಾದ ೪೧೯ ರೋಗಿಗಳ ಒಂದು ಅಧ್ಯಯನದ ಪ್ರಕಾರ, ಯಾವುದಾದರೂ ಒಂದು ಕ್ಯಾನ್ಸರ್ ಬರುವ ಸಂಭವ ಇಪ್ಪತ್ತನೆಯ ವಯಸ್ಸಿಗೆ ನೂರಕ್ಕೆ ೨, ನಲವತ್ತಕ್ಕೆ ೧೭, ಎಪ್ಪತ್ತಕ್ಕೆ ೮೫. ಎಪ್ಪತ್ತರ ವಯಸ್ಸಿಗೆ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರಿನ ಸಂಭವ ನೂರಕ್ಕೆ ೪೫, ಜನನಾಂಗಗಳ ಕ್ಯಾನ್ಸರಿನದು ೧೮. ಅಂದರೆ ವಿಪತ್ತು ಸಮೀಪಿಸುವ ಹೊತ್ತಿಗೆ ಸಾಕ್ಷಿಯು ಸ್ಥಳವನ್ನು ಬಿಟ್ಟಿರುತ್ತಾನೆ. ನಲವತ್ತರ ಸ್ತ್ರೀಯೊಬ್ಬಳು ವೈದ್ಯರ ಮುಂದೆ ಕುಳಿತಾಗ ಅವಳ ತುಟಿಯು ಏನನ್ನೂ ಹೇಳದಿರಬಹುದು. ಆಗ ಉಳಿದಿರುವ ಆಧಾರಗಳು ಅವಳ ಕೆನ್ನೆಯ ಒಳಮೈ, ಬಾಲ್ಯದ ಛಾಯಾಚಿತ್ರ ಮತ್ತು ಮನೆಯ ಹಿರಿಯರ ನೆನಪು.

ಎರಡನೆಯದು, ಅದರ ಭಾಷೆ ಎಲ್ಲ ಚರ್ಮದ ಮೇಲೂ ಒಂದೇ ಸ್ಪಷ್ಟತೆಯಲ್ಲಿರುವುದಿಲ್ಲ. ಆರಂಭದ ವರ್ಣನೆಗಳು ಲಂಡನ್ ಮತ್ತು ಹಾರ್ಲಿಂಗೆನ್ನಿನ ರೋಗಿಗಳನ್ನು ನೋಡಿ ಬರೆದವು. ಬಿಳಿಯ ಚರ್ಮದವರಲ್ಲಿ ಇವನ್ನು ಸಾಮಾನ್ಯ ಚುಕ್ಕೆಗಳಿಂದ ಬೇರ್ಪಡಿಸುವುದು ಹೇಗೆಂಬುದು ಅಲ್ಲಿಯ ಪ್ರಶ್ನೆ. ಬಿಸಿಲಿನಿಂದ ಮೂಡುವ ಚುಕ್ಕೆಗಳು ತುಟಿಯ ಅಂಚಿನಲ್ಲಿ ವಿರಳ, ಬಾಯಿಯೊಳಗೆ ಇರುವುದೇ ಇಲ್ಲ ಎಂಬುದು ಅದಕ್ಕೆ ಉತ್ತರ. ಕಂದು ಬಣ್ಣದ ನಮ್ಮ ಜನರಲ್ಲಿ ಪ್ರಶ್ನೆಯೇ ಬೇರೆ. ಒಸಡು, ತುಟಿ, ಕೆನ್ನೆಯ ಒಳಮೈಗಳಲ್ಲಿ ಸಹಜವಾದ ಕಪ್ಪು ಛಾಯೆ ನಮ್ಮಲ್ಲಿ ಸಾಮಾನ್ಯ, ಅದರಲ್ಲಿ ರೋಗವಿಲ್ಲ. ಈ ಹಿನ್ನೆಲೆಯ ಮೇಲೆ ರೋಗದ ಮಚ್ಚೆಯು ಎದ್ದು ಕಾಣದೆ ಹೋಗಬಹುದು. ಇಲ್ಲವೆ ಸಹಜ ಛಾಯೆಯನ್ನೇ ರೋಗವೆಂದು ಹೆದರಬಹುದು. ಹರಡಿಕೊಂಡ ಛಾಯೆಯನ್ನು ಬಿಡಿಬಿಡಿಯಾದ ಚುಕ್ಕೆಗಳಿಂದ ಪ್ರತ್ಯೇಕಿಸಿ ನೋಡುವ ಅಭ್ಯಾಸವು ಇಲ್ಲಿ ಅವಶ್ಯಕ. ಪರದೇಶದ ಪಠ್ಯಪುಸ್ತಕದ ಚಿತ್ರವನ್ನು ಹಾಗೆಯೇ ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಆ ಅಭ್ಯಾಸ ಬರಲಾರದು.

ಮೂರನೆಯದು, ಅದೇ ಮಚ್ಚೆ ಬೇರೆ ಸಂದರ್ಭದಲ್ಲಿ ಬೇರೆ ಅರ್ಥವನ್ನು ಕೊಡುತ್ತದೆ. ಸ್ಕಲ್ಲಿಯ ಲೇಖನ ಬಂದ ೧೯೭೦ರಲ್ಲಿಯೇ ಲೋಜಿಯೇ ಮತ್ತು ಹುಂಝಿಕರ್ ಎಂಬ ಇಬ್ಬರು ವೈದ್ಯರು ತುಟಿ ಮತ್ತು ಬಾಯಿಯ ಇಂಥದೇ ಮಚ್ಚೆಗಳುಳ್ಳ ಇನ್ನೊಂದು ಸ್ಥಿತಿಯನ್ನು ವರ್ಣಿಸಿದರು. ಅಲ್ಲಿ ಕರುಳಿನ ಪಾಲಿಪ್ ಇಲ್ಲ, ಅಂಡಾಶಯದ ಗಡ್ಡೆ ಇಲ್ಲ, ಕ್ಯಾನ್ಸರಿನ ಭಯವಿಲ್ಲ. ಮಚ್ಚೆಯನ್ನು ಮಾತ್ರ ನೋಡಿದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಬೇರ್ಪಡಿಸುವ ಮುಖ್ಯ ಸಂಗತಿಗಳಲ್ಲಿ ಒಂದು ಕಾಲ: ಒಂದು ಶೈಶವದಲ್ಲಿ ಮೂಡುತ್ತದೆ, ಇನ್ನೊಂದು ಪ್ರಾಯದಲ್ಲಿ ಮೂಡುತ್ತದೆ. ಎರಡನೆಯದು ವಂಶ: ಒಂದರಲ್ಲಿ ಸಾಮಾನ್ಯವಾಗಿ ಮನೆಯ ಇತರರಿಗೂ ಇರುತ್ತದೆ, ಇನ್ನೊಂದರಲ್ಲಿ ಇಲ್ಲ. ಮಚ್ಚೆಯ ಅರ್ಥವು ಮಚ್ಚೆಯಲ್ಲಿ ಇಲ್ಲ, ಅದರ ಚರಿತ್ರೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

೬

ಸಂಖ್ಯೆಗಳ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ೧೯೮೭ರಲ್ಲಿ ಜಿಯಾರ್ಡಿಯೆಲ್ಲೊ ಮತ್ತು ಸಂಗಡಿಗರು ೩೧ ರೋಗಿಗಳನ್ನು ಹಿಂಬಾಲಿಸಿ, ಅವರಲ್ಲಿ ೧೫ ಮಂದಿಗೆ ಕ್ಯಾನ್ಸರ್ ಬಂದುದನ್ನು ತೋರಿಸಿದರು. ಐವತ್ತರ ದಶಕದ ನಿಶ್ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಈ ೧೫ ಅಥವಾ ೨೦೦೬ರ ನೂರಕ್ಕೆ ೮೫ ಎಂಬುದನ್ನು ಪ್ರತಿಯೊಬ್ಬ ರೋಗಿಯ ಹಣೆಬರಹವೆಂದು ಓದಬಾರದು. ದೊಡ್ಡ ಆಸ್ಪತ್ರೆಗಳ ಪಟ್ಟಿಗೆ ಸೇರುವವರು ಹೆಚ್ಚಾಗಿ ತೊಂದರೆಗೊಳಗಾದವರು. ತುಟಿಯಲ್ಲಿ ನಾಲ್ಕು ಮಚ್ಚೆ ಇದ್ದು, ಎಂಬತ್ತು ವರ್ಷ ಸುಖವಾಗಿ ಬಾಳಿದ ಅಜ್ಜಿಯು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಯುದ್ಧಗಳನ್ನು ಮಾತ್ರ ಬರೆದಿಟ್ಟ ಬಖೈರಿನಿಂದ ಶಾಂತಿಕಾಲದ ಉದ್ದವನ್ನು ಅಳೆಯಲಾಗದು. ಸ್ಕಲ್ಲಿಯ ಬಳಿಗೆ ಬಂದ ೭೪ ಗಡ್ಡೆಗಳೂ ಪರಿಣತನೊಬ್ಬನ ಸುತ್ತ ಕೂಡಿಬಂದ ಸಾಮಗ್ರಿಯೇ ಹೊರತು ಒಂದು ನಾಡಿನ ಗಣತಿಯಲ್ಲ. ಈ ಮಾತಿನಿಂದ ಎಚ್ಚರವು ಕಡಮೆಯಾಗಬೇಕಾದುದಿಲ್ಲ. ಭೀತಿಯು ಕಡಮೆಯಾದರೆ ಒಳ್ಳೆಯದು.

೧೯೯೮ರಲ್ಲಿ ಎರಡು ಸಂಶೋಧಕ ತಂಡಗಳು ಈ ರೋಗದ ಕಾರಣವು ಹತ್ತೊಂಬತ್ತನೆಯ ವರ್ಣತಂತುವಿನ ಮೇಲಿರುವ ಎಲ್‌ಕೆಬಿ೧ ಅಥವಾ ಎಸ್‌ಟಿಕೆ೧೧ ಎಂಬ ವಂಶವಾಹಿಯ ವಿಕೃತಿಯೆಂದು ಕಂಡುಹಿಡಿದುವು. ಕೋಶಗಳ ಅತಿಬೆಳವಣಿಗೆಯನ್ನು ತಡೆಯುವ ವಂಶವಾಹಿಗಳಲ್ಲಿ ಇದೊಂದು. ಒಂದೇ ವಂಶವಾಹಿ ಎಂಬ ೧೯೪೯ರ ಊಹೆ ಹೀಗೆ ಸ್ಥಿರವಾಯಿತು. ಇನ್ನು ಮಚ್ಚೆಯನ್ನೂ ಮನೆತನದ ವೃತ್ತಾಂತವನ್ನೂ ಕೇಳುವ ಕಾಲ ಮುಗಿಯಿತು, ರಕ್ತಪರೀಕ್ಷೆಯೇ ಸಾಕು ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ಎಲ್ಲ ರೋಗಿಗಳಲ್ಲಿಯೂ ಆ ವಿಕೃತಿಯು ಸಿಕ್ಕುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರ ರಕ್ತವನ್ನು ಪರೀಕ್ಷಿಸಬೇಕೆಂದು ನಿರ್ಧರಿಸುವುದು ಮೊದಲು ಕಣ್ಣು, ಆಮೇಲೆ ಪ್ರಶ್ನೆ, ಆಮೇಲೆ ಯಂತ್ರ. ಇಂದಿಗೂ ರೋಗನಿರ್ಣಯದ ನಿಯಮಗಳಲ್ಲಿ ಪಾಲಿಪ್‌ಗಳ ಜೊತೆಗೆ ಮಚ್ಚೆಗೂ ಕುಟುಂಬದ ವೃತ್ತಾಂತಕ್ಕೂ ಸ್ಥಾನವಿದೆ. ಕುಟುಂಬದಲ್ಲಿ ರೋಗವಿದ್ದರೆ ವಿಶಿಷ್ಟವಾದ ಮಚ್ಚೆ ಮಾತ್ರದಿಂದಲೇ ನಿರ್ಣಯಿಸಬಹುದು.

೧೯೯೯ರಲ್ಲಿ ಪ್ರಕಟವಾದ ಇನ್ನೊಂದು ಕೃತಿಯನ್ನು ಈ ಸಾಹಿತ್ಯದಲ್ಲಿಯೇ ಶ್ರೇಷ್ಠವಾದುದರ ಸಾಲಿಗೆ ಸೇರಿಸಬೇಕು. ವೆಸ್ಟರ್ಮನ್ ಮತ್ತು ಸಂಗಡಿಗರು ಪ್ಯೂಟ್ಸ್ ಕಂಡ ಅದೇ ಹಾರ್ಲಿಂಗೆನ್ ಕುಟುಂಬವನ್ನು ಎಪ್ಪತ್ತೆಂಟು ವರ್ಷಗಳ ಮೇಲೆ ಮತ್ತೆ ಹುಡುಕಿ, ಯಾರು ಯಾವ ವಯಸ್ಸಿನಲ್ಲಿ ಯಾವುದರಿಂದ ತೀರಿಕೊಂಡರೆಂಬುದನ್ನು ಕಲೆಹಾಕಿ, ಬದುಕಿರುವವರಲ್ಲಿ ವಂಶವಾಹಿಯ ವಿಕೃತಿಯನ್ನೂ ತೋರಿಸಿದರು. ಅದರಲ್ಲಿ ಹೊಸ ಚಿಹ್ನೆಯ ಶೋಧವಿಲ್ಲ, ಹೊಸ ಹೆಸರಿಲ್ಲ. ಹಳೆಯ ಮನೆಗೆ ಮರಳಿ ಹೋದುದು ಮಾತ್ರ ಅದರ ಸಾಧನೆ. ಲಂಡನ್ನಿನ ಅವಳಿಗಳ ಮನೆಗೆ ಇದೇ ಶ್ರದ್ಧೆಯಿಂದ ವೈದ್ಯರು ಮರಳಿ ಹೋಗಿದ್ದರೆ, ಕರುಳಿನ ಪಕ್ಕದಲ್ಲಿಯೇ ಸ್ತ್ರೀಯರ ರೋಗಗಳ ಅಂಕಣವೊಂದು ಈ ರೋಗದ ಚರಿತ್ರೆಯಲ್ಲಿ ಬಹಳ ಮೊದಲೇ ತೆರೆಯಬಹುದಾಗಿತ್ತು.

ಇಷ್ಟರಿಂದ ಒಂದು ನಿರ್ಣಯಕ್ಕೆ ಬರಬಹುದು. ಮೊದಲು ಕಂಡವನು ಯಾರೆಂಬ ಪ್ರಶ್ನೆಯ ಸುತ್ತ ಕಟ್ಟಿದ ಚರಿತ್ರೆಯು ಈ ರೋಗದ ಸತ್ಯವನ್ನು ಹೇಳುವುದಿಲ್ಲ. ಇಲ್ಲಿ ಜ್ಞಾನವು ಬೆಳೆದದ್ದು ಕಂಡ ದಿನಗಳಲ್ಲಿ ಅಲ್ಲ, ಮರಳಿ ಹೋಗಿ ವಿಚಾರಿಸಿದ ದಿನಗಳಲ್ಲಿ: ವೆಬರ್ ಅವಳಿಗಳ ಗತಿಯನ್ನು ವಿಚಾರಿಸಿದಾಗ, ಪ್ಯೂಟ್ಸ್ ಮನೆಯವರನ್ನೆಲ್ಲ ವಿಚಾರಿಸಿದಾಗ, ಸ್ಕಲ್ಲಿ ಗಡ್ಡೆಯಿಂದ ತುಟಿಗೆ ಹಿಂದಿರುಗಿದಾಗ. ಎಲ್ಲಿ ವಿಚಾರಣೆ ನಿಂತಿತೋ ಅಲ್ಲಿ ನಷ್ಟವುಂಟಾಯಿತು, ಮತ್ತು ಆ ನಷ್ಟದ ಹೆಚ್ಚಿನ ಪಾಲನ್ನು ಹೊತ್ತವರು ಸ್ತ್ರೀಯರು. ರೋಗಿಯ ಪೂರ್ವವೃತ್ತಾಂತವನ್ನು ಇಂಗ್ಲಿಷ್ ವೈದ್ಯರು ‘ಹಿಸ್ಟರಿ’ ಎಂದೇ ಕರೆಯುತ್ತಾರೆ. ನಮ್ಮ ಶಾಸ್ತ್ರದ ಹೆಸರನ್ನು ಅವರು ಎರವಲು ಪಡೆದಿರುವಾಗ ಅದರ ಕ್ರಮವನ್ನೂ ಪಡೆಯಲೆಂದು ಆಶಿಸುವುದು ಅನುಚಿತವಲ್ಲ: ಸಾಕ್ಷ್ಯವು ಮಾಸುವ ಮುನ್ನ ಬರೆದುಕೊಳ್ಳಬೇಕು, ಬರೆದುಕೊಂಡವರು ಮತ್ತೊಮ್ಮೆ ಹೋಗಿ ಕೇಳಬೇಕು, ತಾಯಿಯನ್ನೂ ಅಜ್ಜಿಯನ್ನೂ ಮರೆಯದೆ ಕೇಳಬೇಕು.